ಹಸಿರಾಗಿಯೇ ಇದ್ದ ಬದು

ಪಾತರಗಿತ್ತಿ ಎಂದರೆ ಜನ ಅಂಗೈಯಗಲದ ಬಣ್ಣಬಣ್ಣದ್ದನ್ನೇ ನೆನೆಯುತ್ತಾರೆ. ನಾನು ನೋಡುತ್ತ ಬಂದದ್ದು ಕಿರುಬೆರಳ ಉಗುರಿನಷ್ಟು ಸಣ್ಣವನ್ನು. ರೆಕ್ಕೆ ಬಿಚ್ಚಿದರೆ ತಿಳಿನೀಲಿ, ಮುಚ್ಚಿದರೆ ಬೂದು. ಕಳ್ಳಕವಟಗಿಯ ನಮ್ಮ ಹೊಲದ ಬದುವಿನಲ್ಲಿ ಅವು ಮೊಣಕಾಲಿಗಿಂತ ಮೇಲೆ ಹಾರುವುದು ಅಪರೂಪ. ನೆಗ್ಗಿಲಮುಳ್ಳಿನ ಎಲೆಯ ಮೇಲೆ ತತ್ತಿ ಇಡುತ್ತವೆ. ಹೊರಬಂದ ಹಸಿರು ಹುಳವನ್ನು ಇರುವೆಗಳು ತಿನ್ನುವುದಿಲ್ಲ; ಅದರ ಬೆನ್ನಿನಿಂದ ಒಸರುವ ಸಿಹಿಯ ಆಸೆಗೆ ಕಾವಲು ನಿಲ್ಲುತ್ತವೆ. ಹೊತ್ತು ಇಳಿದಾಗ ಪಾತರಗಿತ್ತಿಗಳೆಲ್ಲ ಕರಕಿ ಹುಲ್ಲಿನ ಒಣ ತೆನೆಗೆ ಬಂದು ತಲೆ ಕೆಳಗೆ ಮಾಡಿ ಮಲಗುತ್ತವೆ. ಹುಟ್ಟಿದ ಬದು ಬಿಟ್ಟು ದೂರ ಹೋಗುವ ಪೈಕಿ ಅಲ್ಲ ಇವು.

ವಿಜಯಪುರದ ಗಾಂಧಿ ಚೌಕದಲ್ಲಿ ನನ್ನದು ಕಾಳುಕಡಿಯ ಅಂಗಡಿ. ವಾರವಿಡೀ ಆಟೋಗಳ ಹಾರ್ನು, ಗಿರಾಕಿಗಳ ಚೌಕಾಶಿ ಕೇಳಿ ತಲೆ ಕೆಟ್ಟಿರುತ್ತದೆ. ರವಿವಾರ ಬೈಕ್ ಹತ್ತಿ ತೊರವಿ ದಾಟಿದರೆ ಜೀವ ತಂಪಾಗುತ್ತದೆ. ಊರಿಗೆ ಹೋಗಿ ನಾನು ಮಾಡುವ ಘನಕಾರ್ಯವೆಂದರೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂಡುವುದು. ಅವ್ವ ನಗುತ್ತಾಳೆ, ನಗಲಿ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ತಂಗಿ ಬಬಲೇಶ್ವರದಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಬಯಕೆ ಒಂದೇ, ಹತ್ತರಕಿ. ಹೊಲದಲ್ಲಿ ತಾನಾಗಿ ಬೆಳೆಯುವ ಈ ಕಹಿ ಸೊಪ್ಪನ್ನು ನಮ್ಮ ಮನೆಯಲ್ಲಿ ಬೇಯಿಸುವುದಿಲ್ಲ. ಕಿತ್ತು, ಮಣ್ಣು ಝಾಡಿಸಿ ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತೇವೆ. ತೊಳೆದರೆ ರುಚಿ ಹೋಗುತ್ತದೆ ಎಂದು ಅವ್ವನ ವಾದ.

ಆ ರವಿವಾರ ಇಳಿಹೊತ್ತಿಗೆ ಬದುವಿಗೆ ಹೋದೆ. ಕರಕಿ ಹಸಿರಾಗಿತ್ತು, ನೆಗ್ಗಿಲು ಹಳದಿ ಹೂ ಬಿಟ್ಟಿತ್ತು. ತೆನೆಗಳ ಮೇಲೆ ಒಂದು ಪಾತರಗಿತ್ತಿಯೂ ಇರಲಿಲ್ಲ. ಬಗ್ಗಿ ನೋಡಿದೆ. ಬುಡದ ಮಣ್ಣಿನಲ್ಲಿ ರೆಕ್ಕೆ ಅರ್ಧ ಬಿಚ್ಚಿಕೊಂಡು ಬಿದ್ದಿದ್ದವು. ಒಂದರ ಕಾಲು ಇನ್ನೂ ಆಡುತ್ತಿತ್ತು. ಇರುವೆಗಳೂ ಅಲ್ಲಲ್ಲೇ ಮುದುಡಿದ್ದವು.

ಬಾಜೂ ಹೊಲದವರು ದ್ರಾಕ್ಷಿ ಹಾಕಿದ್ದಾರೆ. ಎರಡೂ ಹೊಲಕ್ಕೆ ಇದೊಂದೇ ಬದು. ಅವರನ್ನು ನಾವು ಕಾಕಾ ಎನ್ನುತ್ತೇವೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿಯರೂ ಅವರೇ. ಔಷಧ ಹೊಡೆಯುವ ಪಂಪು ತೊಳೆಯುತ್ತ ಕೂತಿದ್ದವರನ್ನು ಕೇಳಿದೆ. ಖುಷಿಯಿಂದಲೇ ಹೇಳಿದರು. ಮುಂಜಾನೆ ಬಳ್ಳಿಗೆ ಹೊಡೆದ ಹುಳದ ಔಷಧ ಟಾಕಿಯಲ್ಲಿ ಉಳಿದಿತ್ತಂತೆ. ಚೆಲ್ಲುವುದೇಕೆಂದು ಕಳೆಯ ಔಷಧವನ್ನೂ ಬೆರೆಸಿ ಆಗಲೇ ನಮ್ಮ ಕಡೆಯ ಬದುವಿಗೂ ಹೊಡೆದಿದ್ದರು. ಉಳಿದದ್ದನ್ನು ಹೀಗೆ ಬಾಜೂದವರಿಗೆ ಹೊಡೆದುಕೊಡುವುದು ನಮ್ಮ ಕಡೆ ಉಪಕಾರವೇ. ಔಷಧದ ವಾಸನೆಯಂತೂ ದ್ರಾಕ್ಷಿ ಬಂದಾಗಿನಿಂದ ಊರ ತುಂಬ ಇದೆ, ಯಾರ ಮೂಗೂ ಅದನ್ನು ಲೆಕ್ಕಕ್ಕಿಡುವುದಿಲ್ಲ. ಔಷಧ ಬಿದ್ದ ಕಳೆ ಹಳದಿಯಾಗಲು ವಾರ ಬೇಕು. ಅಲ್ಲಿಯವರೆಗೆ ಎಲ್ಲ ನಳನಳಿಸುತ್ತಲೇ ಇರುತ್ತದೆ.

ಮನೆಗೆ ಓಡಿದೆ. ತಂಗಿ ಬದುವಿನಿಂದ ಕಿತ್ತು ತಂದ ಹತ್ತರಕಿ ಬುಟ್ಟಿಯಲ್ಲಿತ್ತು, ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಬುಟ್ಟಿ ಕಸಿದುಕೊಂಡು ಹಿತ್ತಲಿನ ಗುಂಡಿಗೆ ಸುರಿದು ಮಣ್ಣೆಳೆದೆ. ಸದ್ಯ ಬದುಕಿದೆವು ಎಂದು ಉಸಿರು ಬಿಡುವಷ್ಟರಲ್ಲಿ ತಂಗಿ ಹೇಳಿದಳು:

"ನಾ ಮಧ್ಯಾಹ್ನಾನ ಬದುವಿನ್ಯಾಗ ಕುಂತು ತಿಂದೇನಲ್ಲಣ್ಣಾ. ಭಾಳ ಎಳೀದಿತ್ತು."

ಸುದ್ದಿ ಕೇಳಿ ಓಡಿಬಂದ ಕಾಕಾ ತಮ್ಮ ಕಾರನ್ನೇ ತೆಗೆದರು. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಆದರೂ ತಿಕೋಟಾ ದಾಟುವವರೆಗೂ ತಂಗಿಯ ಬೆನ್ನು ಸವರುತ್ತ ಕೂತೆ. ತೊರವಿಯ ಹತ್ತಿರ ತಂಗಿ ವಾಂತಿ ಮಾಡಿಕೊಂಡಳು.

ವಿಜಯಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಕೂಸಿನ ಎದೆಬಡಿತ ಸದ್ಯಕ್ಕೆ ಸರಿಯಿದೆ, ಮುಂದಿನದನ್ನು ಈಗಲೇ ಹೇಳಲಾಗದು, ಒದೆತದ ಮೇಲೆ ಲಕ್ಷ್ಯವಿರಲಿ, ಕಡಿಮೆಯಾದರೆ ತಡಮಾಡದೆ ಕರೆತನ್ನಿ ಎಂದರು ಡಾಕ್ಟರು.

ಹೆರಿಗೆಗೆ ಇನ್ನೂ ದಿನವಿದೆ. ಅಂಗಡಿ ಮುಚ್ಚಿ ನಾನು ಊರಲ್ಲೇ ಉಳಿದಿದ್ದೇನೆ. ಕೂಸು ಒದ್ದಾಗಲೆಲ್ಲ ತಂಗಿ ಪಡಸಾಲೆಯಿಂದ "ಒದ್ದತು ಬೇ" ಎಂದು ಗಟ್ಟಿಯಾಗಿ ಹೇಳುತ್ತಾಳೆ, ಒಲೆಯ ಮುಂದಿನ ಅವ್ವನಿಗೆ ಕೇಳಲೆಂದು. ಕಾಕಾ ದಿನವೂ ಬಂದು ಕಟ್ಟೆಯ ಮೇಲೆ ಕೂತು, ಆ ಮಾತು ಕಿವಿಗೆ ಬಿದ್ದ ಮೇಲೆಯೇ ಹೊಲಕ್ಕೆ ಹೋಗುತ್ತಾರೆ. ಇವತ್ತು ಅವರು ಬಂದು ಕೂತು ಬಹಳ ಹೊತ್ತಾಯಿತು. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಾಳೆ.