ಬೆಳಗಿನ ಮೊದಲ ಹೊಗೆ

ನಮ್ಮ ಸರ್ ಕುಕ್ಕರಗಾಲಿನಲ್ಲಿ ಕೂರುವಾಗ ಎರಡು ಮಂಡಿಯೂ ಕಟಕ್ಕೆನ್ನುತ್ತಿದ್ದವು. ಆದರೂ ನರಸಾಪುರದ ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ, ತಣ್ಣಗೆ ನಿಂತ ಕಾರಿನ ಹಿಂದೆ ಕೂತು, ಸೈಲೆನ್ಸರ್ ಬಾಯಿಗೆ ಮೂಗು ಒಡ್ಡಿ, "ಹೊಡೀಮ್ಮಾ ಸ್ಟಾರ್ಟು" ಎನ್ನುತ್ತಿದ್ದರು. ಹೊಗೆ ಅಳೆಯಲು ಗೋಡೆಯುದ್ದದ ಯಂತ್ರವೇ ಇತ್ತು. "ಇದೇನ್ ಸರ್ ನಿಮ್ಗೆ ಗ್ರಹಚಾರ?" ಎಂದು ರೇಗುತ್ತಿದ್ದೆ. ಮಾಲೂರಿನಿಂದ ಬಂದ ನನಗೆ ಕೆಲಸ ಕಲಿಸಿದವರೇ ಅವರು. ಆದರೇನು, ನನ್ನ ಬಾಯಿ ಮೊದಲಿನಿಂದಲೂ ಜೋರು.

"ಕಾರು ಸ್ಟಾರ್ಟ್ ಆಗೋದೆಲ್ಲಮ್ಮಾ? ಮನೆ ಬಾಗ್ಲಲ್ಲಿ. ಆವಾಗ ಅಲ್ಲಿರೋಳು ರಂಗೋಲಿ ಹಾಕೋ ಹೆಣ್ಮಗಳು. ಅವಳ ಮೂಗು ಇಷ್ಟೇ ಎತ್ತರದಲ್ಲಿರ್ತದೆ" ಎಂದರು ಒಮ್ಮೆ. ಅವರ ಹೆಂಡತಿಗೆ ಉಬ್ಬಸ. ಮುಳಬಾಗಿಲಿನ ಮನೆಯಲ್ಲಿ, ಪಕ್ಕದವರ ಕಾರು ಶುರುವಾದರೆ ಆ ಅಮ್ಮ ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಒಳಗೆ ಓಡುತ್ತಿದ್ದರಂತೆ.

ಆಗ ನಮ್ಮ ಕೈಯಲ್ಲಿದ್ದುದು ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ, ಹಾಕಿದ ಸ್ಪೋರ್ಟ್ಸ್ ಕಾರು. ಹೊಗೆಯ ವಿಷ ಕಳೆಯುವ ಡಬ್ಬಿ, ಅಂದರೆ ಕ್ಯಾಟಲಿಸ್ಟ್, ಬಿಸಿಯಾಗದೆ ಕೆಲಸ ಮಾಡದು. ಆ ಬಿಸಿಯನ್ನು ನಡುವೆ ಟರ್ಬೊ ಕಸಿದುಕೊಳ್ಳುತ್ತದೆ. ಉಳಿದ ಬಿಸಿಯಾದರೂ ಆರುವ ಮೊದಲೇ ಸಿಗಲೆಂದು ಡಬ್ಬಿಯನ್ನು ಟರ್ಬೊ ಪಕ್ಕದಲ್ಲೇ ಕೂರಿಸಬೇಕೆಂದು ಸರ್ ಹಟ ಹಿಡಿದರು. ಅಲ್ಲಿಯ ಶಾಖಕ್ಕೆ ವೆಲ್ಡಿಂಗ್ ಬಿರಿಯುತ್ತಿತ್ತು. ಇನ್ನೊಂದು ಸಲ ಬಿರಿದರೆ ಡಬ್ಬಿಯನ್ನು ಹಿಂದಕ್ಕೆ ಸರಿಸುತ್ತೇವೆ ಎಂದುಬಿಟ್ಟರು ಮೇಲಿನವರು. ಹಿಂದಕ್ಕೆ ಸರಿಸಿದರೂ ಕಾಯಿದೆಗೆ ಹೇಗೋ ಸಾಲುತ್ತಿತ್ತು. ಬೆಳಗಿನ ಮೊದಲ ಹೊಗೆ ಮಾತ್ರ ಹಾಗೇ ಉಳಿಯುತ್ತಿತ್ತು.

ಅಷ್ಟರಲ್ಲಿ ಸರ್‌ಗೆ ಹೃದಯದ ತೊಂದರೆ ಕಾಣಿಸಿತು. ಕೋಲಾರದ ಆಸ್ಪತ್ರೆಗೆ ನೋಡಲು ಹೋದರೆ ಕಾಯಿಲೆಯ ಮಾತೇ ಇಲ್ಲ. ಬಿರಿದ ಜಾಗದ ಫೋಟೋ ತೋರಿಸು ಎಂದರು. ಭದ್ರವಾಗಲಿ ಎಂದು ನಾವು ಡಬ್ಬಿಯನ್ನು ಎರಡೂ ಕಡೆ ಬಿಗಿದಿದ್ದೆವು.

"ಅಯ್ಯೋ ಪಿಚ್ಚಿದಾನಾ!" ಹುಚ್ಚಿ ಎಂದು ತೆಲುಗಿನಲ್ಲೇ ಬೈದರು. ಸಿಟ್ಟು ಬಂದರೆ ಅವರ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು. "ಬಿಸಿಗೆ ಕಬ್ಬಿಣ ಬೆಳೀತದಲ್ಲಮ್ಮಾ. ಒಂದು ಕಡೆ ಜರುಗಕ್ಕೆ ಜಾಗ ಬಿಡು. ನಾನಿಲ್ದೇ ಹೋದ್ರೂ ಡಬ್ಬಿ ಹಿಂದಕ್ಕೆ ಹೋಗಬಾರ್ದು."

"ಬಿಡ್ತು ಅನ್ನಿ ಸರ್!" ಎಂದೆ.

ಆ ವಾರವೇ ಹೋಗಿಬಿಟ್ಟರು.

"ಅವರೇ ಹೋದ್ಮೇಲೆ ಈ ಹಟ ಯಾಕಮ್ಮಾ?" ಎಂದರು ನಮ್ಮ ದೊಡ್ಡ ಮ್ಯಾನೇಜರು. ನನಗೆ ಮೈಯೆಲ್ಲ ಉರಿದುಹೋಯಿತು. "ಮೊದ್ಲು ಟೆಸ್ಟ್ ಆಗ್ಲಿ. ಆಮೇಲೆ ಮಾತಾಡಿ" ಎಂದೆ. ಒಂದು ಕಡೆಯ ಬಿಗಿತ ಸಡಿಲಿಸಿ ಡಬ್ಬಿ ಸ್ವಲ್ಪ ಜರುಗುವಂತೆ ಮಾಡಿ, ಕೆಂಪಗೆ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿದೆವು. ಬಿರಿಯಲಿಲ್ಲ. ಡಬ್ಬಿ ಸರ್ ಹೇಳಿದ ಜಾಗದಲ್ಲೇ ಉಳಿಯಿತು.

ಅವರ ತಿಂಗಳ ತಿಥಿಗೆ ಮುಳಬಾಗಿಲಿಗೆ ಹೋದೆ. ಸರ್ ಮನೆಯ ಅಮ್ಮ ಹಾರ ಕಟ್ಟುತ್ತಾ ಕೂತಿದ್ದರು.

"ಅಮ್ಮಾ, ಸರ್ ಗಾಡಿ ಪಾಸಾಯ್ತು."

"ನಂಗೇನ್ ಗೊತ್ತಾಗ್ತದಮ್ಮಾ ಅದೆಲ್ಲ? ಕೊನೇ ದಿನಾನೂ ಆಸ್ಪತ್ರೆ ಬಾಗ್ಲು ಕಡೇನೇ ನೋಡ್ತಿದ್ರು, ನೀನು ಬಂದು ಹೇಳ್ತೀಯಾ ಅಂತ. ಹೋಗು, ಅವ್ರಿಗೇ ಹೇಳು" ಎಂದು ಹಾರವನ್ನು ನನ್ನ ಕೈಗೆ ಕೊಟ್ಟರು.

ಫೋಟೋ ಮುಂದೆ ನಿಂತೆ. ಹಾರ ಹಾಕಿದೆ.

"ಬಿರೀಲಿಲ್ಲ ಸರ್" ಎಂದೆ. ಹಿಂದೆ ಅಮ್ಮ ಬಿಕ್ಕಿ ಅಳುವುದು ಕೇಳಿಸಿತು.