ಕೆಂಡಗೂಬೆಯ ಕಂದು ಹೊದಿಕೆ

ಬೆಟ್ಟದ ಹಿಂದೆ ಬೆಳಕು ಈಗಷ್ಟೇ ಒಡೆಯುತ್ತಿದೆ. ಬರ್ಬ್ಯಾಂಕಿನ ಸಣ್ಣ ಸಿನಿಮಾ ಸ್ಟುಡಿಯೊ ಒಂದರ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ವೇಷದ ಬಟ್ಟೆ ಹೊಲಿಯುವ ಓಪಲ್ ಟ್ರಿಂಬಲ್ ಹೊಚ್ಚ ಹೊಸ ಬಟ್ಟೆಯೊಂದನ್ನು ಬೇಕೆಂದೇ ಸುಡುತ್ತಿದ್ದಾರೆ. ಕಾವಲುಗಾರನಿಂದ ಕೇಳಿ ತಂದ ಚುಟ್ಟ ಬಾಯಲ್ಲಿದೆ. ಒಂದು ದಮ್ಮು ಎಳೆದು, ಕೆಮ್ಮಿ, ಅದರ ಕೆಂಡದ ತುದಿಯನ್ನು ಬಟ್ಟೆಯ ಎಡ ಅಂಚಿಗೆ ಒತ್ತುತ್ತಾರೆ. ಬೆಳ್ಳಿ ಡಾಲರಿನಗಲ ತೂತು ಬಿದ್ದ ಮೇಲೆ ಸೂಜಿ ಹಿಡಿದು ಅದನ್ನೇ ರಫು ಮಾಡಲು ಕೂರುತ್ತಾರೆ.

“ಸುಡೋದೂ ನಾನೇ, ಹೊಲಿಯೋದೂ ನಾನೇ,” ಎನ್ನುತ್ತಾರೆ. “ಎಷ್ಟೋ ಹೆಂಗಸರ ಸಂಸಾರ ಹಿಂಗೇ ನಡೆಯುತ್ತೆ. ನನಗೆ ಇದಕ್ಕೆ ಸಂಬಳ ಕೊಡ್ತಾರೆ, ಅಷ್ಟೇ ವ್ಯತ್ಯಾಸ.”

ಬಟ್ಟೆ ಕೆಂಡಗೂಬೆಯದು. ಬೆಳಗಿನ ಪತ್ರಿಕೆಯ ಚಿತ್ರಪಟ್ಟಿಯಲ್ಲಿ ದಿನವೂ ನಾಲ್ಕು ಚೌಕದೊಳಗೆ ಹಾರಾಡುವ, ಭಾನುವಾರ ಪುಟ ತುಂಬ ಬಣ್ಣದಲ್ಲಿ ಬರುವ ವೀರ ಆತ. ಅವನ ಕಥೆಯನ್ನೇ ಸ್ಟುಡಿಯೊ ಈಗ ಕಂತು ಕಂತಾಗಿ ತೆರೆಗೆ ತರುತ್ತಿದೆ. ಪ್ರತಿ ಶನಿವಾರದ ಕಂತು ಅವನನ್ನು ಸಾವಿನ ಬಾಯಿಗೆ ನೂಕಿ ನಿಲ್ಲುತ್ತದೆ. ಮುಂದಿನ ವಾರ ಅದೇ ದೃಶ್ಯ ಮತ್ತೆ ಬರುತ್ತದೆ, ಆದರೆ ಈ ಸಲ ಅವನು ಉರುಳಿಬೀಳುವ ಕಾರಿನಿಂದ ಮೊದಲೇ ಹಾರಿಬಿಟ್ಟಿರುತ್ತಾನೆ. “ಮೋಸ! ಹೋದ ವಾರ ಬಾಗಿಲು ಮುಚ್ಚಿತ್ತು!” ಎಂದು ಮಕ್ಕಳು ತೆರೆಗೆ ಕಡಲೆಕಾಯಿ ಸಿಪ್ಪೆ ಎಸೆಯುತ್ತಾರೆ. ಇಷ್ಟು ಕಟ್ಟುನಿಟ್ಟಿನ ಪ್ರೇಕ್ಷಕರು ಬೇರೆ ಯಾವ ಚಿತ್ರಕ್ಕೂ ಇಲ್ಲ.

ಆ ಕಣ್ಣುಗಳಿಗೆ ಹೆದರಿಯೇ ಓಪಲ್ ಹೊಲಿಯುವುದು. ಹೆಗಲಿನಿಂದ ಇಳಿಬೀಳುವ ಹೊದಿಕೆಗಳು ಮೂರು. ಒಂದು ನಾಯಕ ನಟನಿಗೆ, ಒಂದು ಸಾಹಸ ದೃಶ್ಯದಲ್ಲಿ ಅವನ ಬದಲು ಬೀಳುವವನಿಗೆ, ಮತ್ತೊಂದು ನೀರು, ಬೆಂಕಿಯ ದೃಶ್ಯಕ್ಕೆ. ನಾಲ್ಕನೆಯ ಕಂತಿನ ಕುಲುಮೆ ದೃಶ್ಯದಲ್ಲಿ ಒಂದರ ಅಂಚು ನಿಜವಾಗಿಯೇ ಸುಟ್ಟಿತು. ಓಪಲ್ ರಫು ಮಾಡಿಕೊಟ್ಟರು. ಆ ಗಾಯ ತೆರೆಯ ಮೇಲೆ ಎದ್ದು ಕಂಡದ್ದರಿಂದ ಉಳಿದ ಎರಡಕ್ಕೂ ಅಲ್ಲೇ ತೂತು ಬಿತ್ತು, ಅಂಥದ್ದೇ ರಫು ಬಿತ್ತು. ನಿನ್ನೆ ಚಿತ್ರೀಕರಣದ ವೇಳೆ ಹೊಳೆಯಲ್ಲಿ ಒಂದು ಕೊಚ್ಚಿಹೋಗಿದೆ. ಅದಕ್ಕೇ ಬೆಳಗಾಗೆದ್ದು ಈ ಚುಟ್ಟದ ಕೆಲಸ.

ಆದರೆ ಮೂರೂ ಕಂದು. ಭಾನುವಾರದ ಪುಟದಲ್ಲಿ ಕೆಂಡಗೂಬೆಯ ಹೊದಿಕೆ ಕಡುಗೆಂಪು. ಪತ್ರಿಕೆ ಎದುರಿಗಿಟ್ಟುಕೊಂಡು ಓಪಲ್ ಮೊದಲು ಹೊಲಿದದ್ದೂ ಕೆಂಪನ್ನೇ.

“ಕಪ್ಪು ಬಿಳುಪು ಫಿಲ್ಮಿಗೆ ಆ ಕೆಂಪು ಕತ್ತಲೆ ಇದ್ದ ಹಾಗೆ,” ಎಂದು ನಗುತ್ತಾರೆ. “ಗುಹೆಯೊಳಗೆ ನಿಲ್ಲಿಸಿ ತೆಗೆದ್ರು. ಮೈಯೇ ಇಲ್ಲ, ಬರೀ ತಲೆ ತೇಲ್ತಾ ಇತ್ತು. ಸ್ಟುಡಿಯೊ ಯಜಮಾನ್ರು, ‘ಟ್ರಿಂಬಲ್ ಅವ್ರೇ, ನಾನು ದುಡ್ಡು ಕೊಟ್ಟಿದ್ದು ಇಡೀ ಮನುಷ್ಯನಿಗೆ’ ಅಂದ್ರು. ಬಣ್ಣದ ಹಂಡೆ ಇಟ್ಟು ಕಂದಿಗೆ ತಂದೆ.”

ಗಂಡ ಸ್ಯಾನ್ ಪೆಡ್ರೋ ಬಂದರಿನಿಂದ ಹಡಗು ಹತ್ತಿ, ಆಮೇಲೆ ಕಾಗದ ಬರೆಯುವುದನ್ನೂ ಬಿಟ್ಟಾಗ ಮಗಳು ನೆಟ್ಟಿ ಇನ್ನೂ ತೊಟ್ಟಿಲಲ್ಲಿದ್ದಳು. ಓಪಲ್ ಶವಪೆಟ್ಟಿಗೆಗಳ ಒಳಬಟ್ಟೆ ಹೊಲಿದು ಮನೆ ನಡೆಸಿದರು. “ಒಳ್ಳೆ ಕೆಲಸ. ಅಳತೆ ಸರಿಯಿಲ್ಲ ಅಂತ ಯಾರೂ ವಾಪಸ್ ತರ್ತಿರಲಿಲ್ಲ.” ಈಗ ನೆಟ್ಟಿಗೆ ಒಂಬತ್ತು ವರ್ಷ. ಅಮ್ಮನ ಕೆಲಸದ ಬಗ್ಗೆ ಅವಳಿಗಿರುವ ಹೆಮ್ಮೆಯೇ ಅವಳಿಗೆ ಮುಳುವಾಗಿದೆ.

ಗೂಬೆಯ ಹೊದಿಕೆ ನಿಜವಾಗಿ ಕಂದು ಎಂದು ಅವಳು ಶಾಲೆಯಲ್ಲಿ ಹೇಳಿದಳು. ಮರುದಿನ ಡೆಲ್ಬರ್ಟ್ ಎಂಬ ಹುಡುಗ ಭಾನುವಾರದ ಪುಟವನ್ನೇ ತಂದು ತರಗತಿಗೆಲ್ಲ ತೋರಿಸಿದ. “ಸುಳ್ಳುಬುರುಕಿ. ನಿಮ್ಮಮ್ಮ ಅಲ್ಲಿ ನೆಲ ಒರೆಸ್ತಾಳೆ.” ಅಂದಿನಿಂದ ನೆಟ್ಟಿ ಮಧ್ಯಾಹ್ನದ ಬ್ರೆಡ್ಡನ್ನು ಒಬ್ಬಳೇ ಕೂತು ತಿನ್ನುತ್ತಾಳೆ.

ಇದೇ ವಾರ ಪ್ರಚಾರ ವಿಭಾಗದ ಗಸ್ ಹ್ಯಾವರ್ಲಿ ಶೆಡ್ಡಿಗೆ ಬಂದರು. ಶನಿವಾರ ಕೆಂಡಗೂಬೆ ವೇಷದಲ್ಲೇ ಊರಿನ ಚಿತ್ರಮಂದಿರಕ್ಕೆ ಬರುತ್ತಾನಂತೆ. “ಮಕ್ಕಳಿಗೆ ಕೆಂಪೇ ಬೇಕು, ಓಪಲ್. ಪೇಪರಲ್ಲಿ ಇದ್ದಂಗೇ ಹೊಸದೊಂದು ಹೊಲಿದ್ಬಿಡಿ.”

ಮಗಳಿಗೆ ಅದನ್ನು ಹೇಳಿದ್ದು ರಾತ್ರಿ ಊಟಕ್ಕೆ ಕೂತಾಗ.

“ಅವ್ರೆಲ್ಲ ಕೆಂಪು ನೋಡಿದ್ರೆ ನಾನು ಎಲ್ಲರ ಮುಂದೆ ಸುಳ್ಳುಬುರುಕಿನೇ ಆಗ್ತೀನಿ. ನೀನೇ ಹೊಲೀತೀಯಾ?”

“ನಾನೇ. ಬೇರೆಯವರ ಕೈಗೆ ಕೊಟ್ರೆ ಕೊರಳಪಟ್ಟಿ ಸೊಟ್ಟ ಮಾಡ್ತಾರೆ.”

ನೆಟ್ಟಿ ತಟ್ಟೆ ಸರಿಸಿ ಎದ್ದುಹೋದಳು. ಇಲ್ಲ ಎಂದರೆ ಕೆಲಸ ಹೋಗುತ್ತದೆ, ಹೂಂ ಎಂದರೆ ಮಗಳ ಮಾತು ಹೋಗುತ್ತದೆ. ಓಪಲ್ ಕೆಂಪು ಬಟ್ಟೆ ಕತ್ತರಿಸಿದರು. ಸ್ಯಾಟಿನ್ ಒಳಪದರ, ನೇರ ಕೊರಳಪಟ್ಟಿ, ಎಲ್ಲೂ ಒಂದು ಸುಕ್ಕಿಲ್ಲ. ಅವರ ಕೈಯಿಂದ ಇಷ್ಟು ಚೆಂದದ ಬಟ್ಟೆ ಈವರೆಗೆ ಬಂದಿಲ್ಲವೆಂದು ಗಸ್ ಕೂಡ ಒಪ್ಪುತ್ತಾರೆ.

ಶನಿವಾರ ಮಧ್ಯಾಹ್ನ ಚಿತ್ರೀಕರಣವೂ ಇದ್ದುದರಿಂದ ಓಪಲ್ ಕಂದು ಹೊದಿಕೆಯನ್ನು ಚೀಲದಲ್ಲಿಟ್ಟುಕೊಂಡು ಚಿತ್ರಮಂದಿರದ ವೇದಿಕೆ ಪಕ್ಕದ ಪರದೆಯ ಬಳಿ ನಿಂತಿದ್ದಾರೆ. ನೆಟ್ಟಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ. ಗೂಬೆ ವೇದಿಕೆಗೆ ಬರುತ್ತಾನೆ. ದೀಪದಡಿ ಕೆಂಪು ಹೊದಿಕೆ ಧಗಧಗಿಸುತ್ತದೆ. ಮಕ್ಕಳ ಕೂಗಿಗೆ ಚಾವಣಿ ಹಾರುವಂತಿದೆ. ಡೆಲ್ಬರ್ಟ್ ಸೀಟಿನ ಮೇಲೆ ಹತ್ತಿ ಹಿಂದಕ್ಕೆ ತಿರುಗಿ, “ಕಂಡ್ಯಾ?” ಎನ್ನುತ್ತಾನೆ.

ಆಗ ಮುಂದಿನ ಸಾಲಿನ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ. “ಮಿಸ್ಟರ್ ಗೂಬೆ, ನಿಮ್ಮ ಸುಟ್ಟ ಗಾಯ ಎಲ್ಲಿ?”

“ಯಾವ ಗಾಯ, ಮರಿ?”

“ಕುಲುಮೆಲಿ ಸುಟ್ಟಿದ್ದು. ಹೊದಿಕೆಲಿ, ಎಡಗಡೆ.”

ನಟ ಅಂಚನ್ನು ಎತ್ತಿ ನೋಡುತ್ತಾನೆ. ಅಲ್ಲಿ ಏನೂ ಇಲ್ಲ. ಬಳಿಕ ಮೂಲೆಯಿಂದ ಒಂದು ದನಿ, “ಮೋಸ.” ಇನ್ನೊಂದು, “ಇವನು ಗೂಬೆನೇ ಅಲ್ಲ.” ಸಿಪ್ಪೆಗಳು ಹಾರತೊಡಗುತ್ತವೆ. ಗಸ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುತ್ತಾರೆ. ಅವರನ್ನು ಏನೂ ಕೇಳದೆ ಓಪಲ್ ವೇದಿಕೆ ಹತ್ತಿ, ಕೆಂಪನ್ನು ಬಿಚ್ಚಿ, ಕಂದನ್ನು ನಟನ ಹೆಗಲಿಗೆ ಹಾಕಿ, ರಫುವಿನ ಅಂಚನ್ನು ಮಕ್ಕಳ ಕಡೆಗೆ ತಿರುಗಿಸುತ್ತಾರೆ.

ಹುಡುಗಿ ಮೆಟ್ಟಿಲೇರಿ ಬಂದು ಹೊಲಿಗೆಯ ಮೇಲೆ ಬೆರಳಾಡಿಸುತ್ತಾಳೆ. “ಇದೇ,” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ಆಮೇಲೆ ಮುಟ್ಟಲು ಸಾಲು ನಿಂತವರಲ್ಲಿ ಡೆಲ್ಬರ್ಟನೂ ಇದ್ದಾನೆ.

ಕಂದು ಹೊದಿಕೆ ತೋರಿಸಿದ್ದು ತನ್ನದೇ ಉಪಾಯವೆಂದು ಗಸ್ ಈಗ ಹೇಳಿಕೊಂಡು ತಿರುಗುತ್ತಿದ್ದಾರೆ. ಮೂರಕ್ಕೂ ತಪ್ಪದೆ ಹಾಕಿದ ರಫುವನ್ನು ನಾಲ್ಕನೆಯದಾದ ಆ ಕೆಂಪಿಗೆ ಯಾಕೆ ಹಾಕಲಿಲ್ಲ ಎಂದು ವರದಿಗಾಗಿ ಕೇಳಿದರೆ ಓಪಲ್ ಸೂಜಿಗೆ ದಾರ ಪೋಣಿಸುತ್ತ ಕೂರುತ್ತಾರೆ.

“ಮರೆತೆ ಅಂತ ಬರ್ಕೊಳ್ಳಿ.”

ಮರೆತರು.

ಸೋಮವಾರ ಶಾಲೆಯಲ್ಲಿ ನೆಟ್ಟಿಯ ಸುತ್ತ ಜಾಗವಿರಲಿಲ್ಲವಂತೆ. ನೀರು ತುಂಬಿದ ಸುರಂಗದಿಂದ ಗೂಬೆ ಹೇಗೆ ಪಾರಾಗುತ್ತಾನೆ, ಮುಂದಿನ ವಾರದವರೆಗೆ ಕಾಯಲು ಆಗುವುದಿಲ್ಲ, ಹೇಳು ಎಂದು ಡೆಲ್ಬರ್ಟ್ ತನ್ನ ಸೇಬನ್ನೇ ಮುಂದಿಟ್ಟನಂತೆ. ಆ ದೃಶ್ಯದ ಒದ್ದೆ ಬಟ್ಟೆಗಳನ್ನು ಅಮ್ಮನ ಜೊತೆ ಕೂತು ಹಿಂಡುತ್ತ ಕಥೆಯೆಲ್ಲ ಕೇಳಿದವಳು ನೆಟ್ಟಿಯೇ.

“‘ನಂಗೇನು ಗೊತ್ತು’ ಅಂದಳಂತೆ, ಮುಖ ಒಂಚೂರೂ ಅಲ್ಲಾಡಿಸದೆ,” ಎನ್ನುತ್ತಾರೆ ಓಪಲ್. ಹಲ್ಲಿನಲ್ಲಿ ದಾರ ಕಡಿದು ಹೊದಿಕೆಯನ್ನು ಬೆಳಕಿಗೆ ಹಿಡಿಯುತ್ತಾರೆ. “ನನಗೆ ಗೊತ್ತಿದ್ದ ಹಾಗೆ ಅವಳು ಹೇಳಿದ ಮೊದಲನೇ ಸುಳ್ಳು ಅದು. ಎಷ್ಟು ಚೆನ್ನಾಗಿ ಹೇಳಿದಾಳೆ ನೋಡಿ.”