ಹಾಲಿನ ಬೋಗುಣಿಗೆ ಕಲಾಯಿ

೧೯೪೪ರ ಜನವರಿ ಹನ್ನೊಂದು, ಮಂಗಳವಾರ, ಬೆಳಗಿನ ಎಂಟು ಗಂಟೆಗೆ ಯಲಬುರ್ಗಾದ ನೂರಸಾಬ ಒಂದು ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದ. ವೇಳೆಯ ಬಗ್ಗೆ ಅನುಮಾನವಿಲ್ಲ. ತಹಸೀಲ ಕಚೇರಿಯ ಗಂಟೆ ಆಗಷ್ಟೇ ಎಂಟು ಬಾರಿಸಿತ್ತು; ಮುಂದೆ ಅವನು ಆ ಬೆಳಗಿನ ಮಾತು ತೆಗೆದಾಗಲೆಲ್ಲ ಆ ಗಂಟೆಯಿಂದಲೇ ಶುರುಮಾಡುತ್ತಿದ್ದ.

ಶುದ್ಧ ತವರವನ್ನು ಬಗ್ಗಿಸಿದರೆ ಒಣ ಕಡ್ಡಿ ಸೀಳಿದಂಥ ಸಣ್ಣ ಸದ್ದು ಬರುತ್ತದೆ. ಲೋಹದ ಒಳಗಿನ ಹರಳುಗಳು ಜಾಗ ಬದಲಿಸುವ ಸದ್ದು ಅದು. ಸೀಸ ಬೆರೆಸಿದ್ದರೆ ಆ ಸದ್ದು ಅಡಗುತ್ತದೆ. ನೂರಸಾಬ ಅದಕ್ಕೆ ‘ತವರ ಅಳತೈತಿ’ ಎನ್ನುತ್ತಿದ್ದ. ಅಳದ ತವರವನ್ನು ಅವನು ಯಾರ ಪಾತ್ರೆಗೂ ಹಚ್ಚಿದವನಲ್ಲ. ಸೀಸ ಬೆರೆಸಿದ ಕಲಾಯಿ ಊಟದಲ್ಲಿ ವಿಷ ಬಿಡುತ್ತದೆಂದು ಅವನ ತಂದೆ ಹೇಳಿಕೊಟ್ಟಿದ್ದ. ಆ ಮಾತು ನಿಜವೂ ಹೌದು.

ಆಗ ಅವನಿಗೆ ಐವತ್ತರ ಆಸುಪಾಸು. ಹೆಂಡತಿ ಕಾಸೀಮಬೀ ತಿದಿ ಒತ್ತಿ ಇದ್ದಿಲಿಗೆ ಗಾಳಿ ಹಾಕುತ್ತಿದ್ದಳು, ಇವನು ಇಕ್ಕಳದಲ್ಲಿ ಪಾತ್ರೆ ಹಿಡಿದು ಕಾಯಿಸುತ್ತಿದ್ದ. ಪಾತ್ರೆ ಹದಕ್ಕೆ ಬಂದಾಗ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆಯಲ್ಲೇ ತವರದ ಕಡ್ಡಿ ತಾಗಿಸಿ, ಕರಗಿದ್ದನ್ನು ಹತ್ತಿಯ ಉಂಡೆಯಿಂದ ಒಳಗೆಲ್ಲ ಸವರುತ್ತಿದ್ದ. ಎರಡು ನಿಮಿಷದ ಕೆಲಸ. ಓದು ಬರಹ ಬರುತ್ತಿರಲಿಲ್ಲ. ಆದರೆ ಯಲಬುರ್ಗಾ, ತಳಕಲ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಯಾವ ಪಾತ್ರೆ ಇದೆ, ಅದರ ತಳ ಎಲ್ಲಿ ತಗ್ಗಿದೆ, ಕಲಾಯಿ ಹಾಕಿ ಎಷ್ಟು ತಿಂಗಳಾಯಿತು ಎಂಬುದು ಬಾಯಿಪಾಠವಾಗಿತ್ತು. ಮಂದಿಯನ್ನು ಅವನು ಮುಖಕ್ಕಿಂತ ಪಾತ್ರೆಯಿಂದ ಬೇಗ ಗುರುತಿಸುತ್ತಾನೆಂದು ಕಾಸೀಮಬೀ ನಗುತ್ತಿದ್ದಳು.

ಯುದ್ಧದಲ್ಲಿ ಮಲಯಾ ಜಪಾನಿನ ಕೈಗೆ ಹೋದ ಮೇಲೆ ತವರ ಬರುವುದು ನಿಂತಿತ್ತು. ಗದಗಿನ ಪೇಟೆಯಲ್ಲಿ ಸಿಗುತ್ತಿದ್ದುದು ಸೀಸ ಬೆರೆತ ಮಾಲು. ಹೀಗಾಗಿ ಎರಡು ವರ್ಷದಿಂದ ಅವನು ಇದ್ದುದನ್ನೇ ಹಿಡಿದು ಬಳಸುತ್ತಿದ್ದ. ಹುಳಿ ಬೇಯುವ ಪಾತ್ರೆಗೆ ಮೊದಲು ಕಲಾಯಿ, ಉಳಿದವಕ್ಕೆ ಆಮೇಲೆ. ಹುಣಸೆಹಣ್ಣು ಬಿದ್ದರೆ ಹಿತ್ತಾಳೆ ಕಿಲುಬು ಬಿಡುವುದು ಕಣ್ಣಿಗೆ ಕಾಣುತ್ತದೆ, ನಾಲಗೆಗೂ ತಿಳಿಯುತ್ತದೆ. ಹಾಲಿನಲ್ಲಿ ಹಾಗೇನೂ ಕಾಣುವುದಿಲ್ಲ.

ಆ ಮಂಗಳವಾರ ಒಲೆ ಹೂಡಿದ್ದು ಕಾಳಿನ ವ್ಯಾಪಾರಿ ಈಶಪ್ಪನವರ ಮನೆಯ ಮುಂದಿನ ಬೇವಿನ ಕೆಳಗೆ. ಆ ಮನೆಯ ಸೊಸೆ ಶೇಖರಮ್ಮ ಎರಡು ಪಾತ್ರೆ ತಂದಿಟ್ಟಳು: ಹುಳಿ ಮಾಡುವ ತಪ್ಪಲಿ, ಹಾಲು ಕಾಸುವ ಬೋಗುಣಿ. ಅವಳ ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ತಿಂಗಳಿಗೊಮ್ಮೆ ಬರುತ್ತಿದ್ದ. ಐದು ವರ್ಷದ ಮಗಳು ಇದ್ದಳು. ಮೂರು ತಿಂಗಳ ಹಿಂದೆ, ಅಕ್ಟೋಬರ್ ಎರಡಕ್ಕೆ, ಮಗ ಹುಟ್ಟಿದ್ದ. ಹೆಸರು ಉಮಾಪತಿ. ಬಾಣಂತಿಗೆ ಚಳಿಜ್ವರ ಬಂದು ಎದೆಹಾಲು ಬತ್ತಿದ್ದರಿಂದ ಕೂಸಿಗೆ ಆಕಳ ಹಾಲೇ ಗತಿಯಾಗಿತ್ತು.

ನೂರಸಾಬ ತಪ್ಪಲಿ ತೆಗೆದುಕೊಂಡು ಬೋಗುಣಿಯನ್ನು ಅವಳ ಕಡೆಗೆ ಸರಿಸಿದ. “ಹಾಲಿಗ್ಯಾಕ ಕಲಾಯಿ, ತಂಗೀ? ಹುಳಿ ಹಿತ್ತಾಳಿನ್ನ ತಿಂತೈತಿ, ಹಾಲು ತಿನ್ನಂಗಿಲ್ಲ. ಲಡಾಯಿ ಮುಗೀಲಿ, ಇದನ್ನ ಕನ್ನಡಿ ಮಾಡಿ ಕೊಡ್ತೀನಿ.”

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಗುರುಲಿಂಗಮ್ಮ ಬಿಡಲಿಲ್ಲ. “ಎರಡು ವರ್ಷಾತು ಲಡಾಯಿ ಮುಗೀಲಿ ಅನಕೋತ ಬಂದಿ. ಜಪಾನದವ್ರು ನಿನ್ನ ತವರಕ್ಕಾಗೇ ಬಡದಾಡಾಕ ಹತ್ಯಾರೇನು?”

“ನನ್ನ ಪೆಟಗಿ ತೆರದು ನೋಡಿದ್ರ, ಅವ್ವಾರ, ಅಯ್ಯೋ ಪಾಪ ಅಂತ ಅವ್ರೇ ಎರಡು ಕಡ್ಡಿ ಕೊಟ್ಟು ಹೋಗ್ತಾರ್ರಿ” ಎಂದ ನೂರಸಾಬ.

ಎಲ್ಲರೂ ನಕ್ಕರು. ಆದರೆ ಅವನ ಪೆಟ್ಟಿಗೆಯಲ್ಲಿ ತವರ ಇತ್ತು. ಬಟ್ಟೆಯಲ್ಲಿ ಸುತ್ತಿದ, ಕಿರುಬೆರಳಿನಷ್ಟು ಉದ್ದದ ಒಂದು ತುಂಡು. ಅವನ ಮನೆತನದಲ್ಲಿ ಅದಕ್ಕೆ ಬೀಜ ಎಂದು ಹೆಸರು. ತಂದೆ ಸಾಯುವಾಗ ಕೈಗಿಟ್ಟದ್ದು. ರೈತ ಬಿತ್ತುವ ಬೀಜವನ್ನು ಉಣ್ಣುವುದಿಲ್ಲ, ಹಾಗೆಯೇ ಕಲಾಯಿಗಾರ ಕೊನೆಯ ತುಂಡನ್ನು ಕರಗಿಸುವುದಿಲ್ಲ. ಕರಗಿಸಿದರೆ ಕಸುಬು ಮನೆ ಬಿಟ್ಟು ಹೋಗುತ್ತದೆ. ಎಂಥ ಬರದ ವರ್ಷದಲ್ಲೂ ಅವನು ಆ ಬಟ್ಟೆಯ ಗಂಟು ಬಿಚ್ಚಿರಲಿಲ್ಲ. ಒಂದು ಬೋಗುಣಿಗೆ ಆ ತುಂಡು ಸಾಕಾಗುತ್ತಿತ್ತು.

ಶೇಖರಮ್ಮ ಬೋಗುಣಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಬಂಗಾರದಂತೆ ಮಾಡಿ ಒಳಗೆ ಒಯ್ದಳು. ಉಳಿದಿದ್ದ ಹಳೆಯ ಕಲಾಯಿಯ ತೆಳುಪದರವೂ ಹೀಗೆ ದಿನವೂ ಉಜ್ಜಿ ಸವೆದುಹೋಯಿತು. ಬೆಳಗ್ಗೆ ಕಾಸಿದ ಹಾಲು ಅದರಲ್ಲೇ, ಒಲೆಯ ಬೆಚ್ಚನೆಯ ಬೂದಿಯ ಮೇಲೆ, ಸಂಜೆಯವರೆಗೆ ಕೂಡುತ್ತಿತ್ತು. ಕೂಸು ಅದನ್ನೇ ಕುಡಿಯುತ್ತಿತ್ತು.

ಜೂನ್ ತಿಂಗಳಲ್ಲಿ ಮೊದಲು ಬದಲಾದದ್ದು ಕೂಸಿನ ಹೊಟ್ಟೆಯಲ್ಲ, ಸ್ವಭಾವ. ಯಾರು ಎತ್ತಿಕೊಂಡರೂ ನಗುತ್ತಿದ್ದ ಉಮಾಪತಿ ಯಾರು ಮುಟ್ಟಿದರೂ ಚೀರತೊಡಗಿದ. ಅಕ್ಕ ಗಿಲಕಿ ಆಡಿಸಿದರೆ ಮುಖ ತಿರುಗಿಸುತ್ತಿದ್ದ. ನಿದ್ದೆ ಹೋಯಿತು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು. ಆಗಸ್ಟ್ ಹೊತ್ತಿಗೆ ಹೊಟ್ಟೆ ಮುಂದೆ ಬಂದು ಕೈಕಾಲು ಸೊರಗಿದವು. ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾದದ್ದು ಕೈಗೆ ಹತ್ತುತ್ತಿತ್ತು. ಗುರುಲಿಂಗಮ್ಮ ಸೊಸೆಯ ಜ್ವರದ ಹಾಲೇ ಕೂಸಿನ ಹೊಟ್ಟೆಯಲ್ಲಿ ಗಡ್ಡೆಯಾಗಿ ಕೂತಿದೆ ಎಂದು ತೀರ್ಮಾನಿಸಿದಳು. ಅದನ್ನು ನಂಬಿದ ಶೇಖರಮ್ಮ ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವುದನ್ನೂ ನಿಲ್ಲಿಸಿದಳು.

ಸೆಪ್ಟೆಂಬರ್ ಹನ್ನೊಂದರಂದು ಹೈದರಾಬಾದಿನಿಂದ ಡಾಕ್ಟರೊಬ್ಬರು ಬಂದರು. ಮಕ್ಕಳ ಯಕೃತ್ತಿನ ಕಾಯಿಲೆಯ ಬಗ್ಗೆ ಊರೂರು ತಿರುಗಿ ವಿವರ ಕೂಡಿಸುತ್ತಿದ್ದವರು. ಮೂರು ದಿನ ದವಾಖಾನೆಯ ಪಡಸಾಲೆಯಲ್ಲಿ ಕೂತು ಹೊಟ್ಟೆ ಊದಿದ ಮೂವತ್ತೊಂದು ಮಕ್ಕಳನ್ನು ನೋಡಿದರು. ಇಪ್ಪತ್ತನಾಲ್ಕು ಮಕ್ಕಳಿಗೆ ಊತ ಎಡಗಡೆ ಇತ್ತು; ಅದು ಚಳಿಜ್ವರಕ್ಕೆ ಊದಿದ ಗುಲ್ಮ. ಉಳಿದ ಏಳು ಮಕ್ಕಳಿಗೆ ಬಲಗಡೆ, ಎಲೆಯ ಅಂಚಿನಂತೆ ಚೂಪಾದ ಗಟ್ಟಿ ಯಕೃತ್ತು. ಡಾಕ್ಟರರು ಅದರ ಅಂಚನ್ನು ಬೆರಳಿನಿಂದ ಹುಡುಕಿ, ಹೊಟ್ಟೆಯ ಮೇಲೆ ಮಸಿಯ ಗೆರೆ ಎಳೆದು ಅಳೆಯುತ್ತಿದ್ದರು. ಉಮಾಪತಿಗೆ ಅದು ಪಕ್ಕೆಲುಬಿನಿಂದ ನಾಲ್ಕು ಬೆರಳು ಕೆಳಗಿತ್ತು. ಅವರ ಅಚ್ಚು ಹಾಕಿಸಿದ ಹಾಳೆಯಲ್ಲಿ ಮೂವತ್ತನಾಲ್ಕು ಪ್ರಶ್ನೆಗಳಿದ್ದವು. ತಾಯಿಯ ವಯಸ್ಸೆಷ್ಟು, ಸಂಬಂಧದಲ್ಲೇ ಮದುವೆಯಾಗಿದೆಯೇ, ಎದೆಹಾಲು ಎಷ್ಟು ತಿಂಗಳು, ಬೆಲ್ಲ ತಿನ್ನಿಸಿದಿರಾ, ಖಾರ ತಿನ್ನಿಸಿದಿರಾ. ಅವರು ಉರ್ದುವಿನಲ್ಲಿ ಕೇಳಿದ್ದನ್ನು ಕಂಪೌಂಡರ್ ಜಿಲಾನಿ ಕನ್ನಡದಲ್ಲಿ ಹೇಳುತ್ತಿದ್ದ.

ಸೂಜಿ ಕುದಿಸುವ ಪಾತ್ರೆ ಸೋರುತ್ತಿದ್ದರಿಂದ ಬೆಸುಗೆ ಹಾಕಲು ನೂರಸಾಬನನ್ನು ಕರೆಸಿದ್ದರು. ಎರಡನೆಯ ದಿನ ಅವನು ಕಂಬದ ಹತ್ತಿರ ಕೂತು ಕೆಲಸ ಮಾಡುತ್ತಿದ್ದಾಗ ಜಿಲಾನಿ ಬಲಗಡೆ ಊತದ ಮಕ್ಕಳನ್ನು ಇನ್ನೊಮ್ಮೆ ಒಬ್ಬೊಬ್ಬರಾಗಿ ಕರೆದ. ಹೆಸರು ಕೇಳಿದಂತೆ ನೂರಸಾಬನಿಗೆ ಕಂಡದ್ದು ಬೋಗುಣಿಗಳು. ತಳಕಲ್ಲಿನ ಅಂಗಡಿಯವರದು, ಕಿವಿ ಮುರಿದದ್ದು. ಶಾನಭೋಗರದು, ಅಗಲ ಬಾಯಿಯದು. ಈಶಪ್ಪನವರದು. ಐದನೆಯ ಹೆಸರಿಗೆ ಅವನ ಕೈ ನಿಂತಿತು: ಐದೂ ಕಲಾಯಿ ಸವೆದ ಬೋಗುಣಿಗಳು. ಮಣ್ಣಿನ ಗಡಿಗೆಯಲ್ಲಿ ಹಾಲು ಕಾಸುವ ಮನೆಯ ಒಂದೂ ಕೂಸು ಆ ಸಾಲಿನಲ್ಲಿರಲಿಲ್ಲ. ಗಡಿಗೆಯನ್ನೇ ಬಳಸುವ ತನ್ನ ಓಣಿಯದೂ ಇರಲಿಲ್ಲ.

ಮರುದಿನ ಅವನು ಡಾಕ್ಟರರ ಮುಂದೆ ನಿಂತು, ಕಲಾಯಿ ಇಲ್ಲದ ಪಾತ್ರೆಯ ಹಾಲಿನ ಬಗ್ಗೆ ತಡೆತಡೆದು ಹೇಳಿದ. ಡಾಕ್ಟರರು ಗದರಿಸಲಿಲ್ಲ. ಹಾಲು ಹುಳಿಯಲ್ಲವಲ್ಲ, ಅದು ಹಿತ್ತಾಳೆಯನ್ನು ಕರಗಿಸುವುದು ಹೇಗೆ ಎಂದು ಕೇಳಿದರು. ಎಂಟು ತಿಂಗಳ ಹಿಂದೆ ಇದೇ ಮಾತನ್ನು ನೂರಸಾಬ ತಾನೇ ಹೇಳಿದ್ದ. ಅಂಥದೇ ಬೋಗುಣಿಯಲ್ಲಿ ಕುಡಿದೂ ಗಟ್ಟಿಮುಟ್ಟಾಗಿರುವ ಮಕ್ಕಳು ಎಷ್ಟು ಎಂದು ಕೇಳಿದರು. ಅವನು ಅದನ್ನು ಎಣಿಸಿ ನೋಡಿರಲಿಲ್ಲ. ಅದು ಸರಿಯಾದ ಪ್ರಶ್ನೆಯೇ. ಹಾಳೆಯಲ್ಲಿ ಪಾತ್ರೆಗೆ ಜಾಗವಿರಲಿಲ್ಲ. ಅವರು ಅದನ್ನು ಮಗುಚಿ ಹಿಂಬದಿಯಲ್ಲಿ ಎರಡು ಸಾಲು ಬರೆದುಕೊಂಡರು. ಆ ಹಾಳೆ ಮುಂದೆ ಎಲ್ಲಿಗೆ ಹೋಯಿತೋ ತಿಳಿಯದು.

ಹಾಲಿಗೆ ಹುಳಿ ಬೇಕಾಗಿಲ್ಲ ಎಂಬುದು ಈಗ ಗೊತ್ತಿದೆ. ಹಾಲಿನ ಪ್ರೋಟೀನು ಹಿತ್ತಾಳೆಯೊಳಗಿನ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಬಣ್ಣ ರುಚಿ ಬದಲಾಗುವುದಿಲ್ಲ. ಎಳೆಯ ಯಕೃತ್ತು ಆ ತಾಮ್ರವನ್ನು ಹೊರಹಾಕಲಾರದೆ ಕೂಡಿಟ್ಟುಕೊಂಡು ಗಟ್ಟಿಯಾಗುತ್ತದೆ. ಒಂದೇ ಹಾಲು ಕುಡಿದ ಎಲ್ಲ ಮಕ್ಕಳಿಗೂ ಕಾಯಿಲೆ ಬರುವುದಿಲ್ಲ, ಆದ್ದರಿಂದ ಬೇರೆ ಕಾರಣವೂ ಇರಬೇಕು. ಆದರೆ ಸಂಶೋಧಕರು ಹಿತ್ತಾಳೆ, ತಾಮ್ರದ ಹಾಲಿನ ಪಾತ್ರೆಯತ್ತ ಬೆರಳು ತೋರಿಸಿದ್ದು ಇದಾಗಿ ಸುಮಾರು ನಲವತ್ತು ವರ್ಷದ ಮೇಲೆ.

ಡಾಕ್ಟರರ ಹತ್ತಿರ ಮಾತಾಡಿದ ದಿನವೇ ಸಂಜೆ ನೂರಸಾಬ ಈಶಪ್ಪನವರ ಮನೆಯ ಬೇವಿನ ಕೆಳಗೆ ಒಲೆ ಹೂಡಿದ. ಯಾರೂ ಕರೆದಿರಲಿಲ್ಲ. ಬೋಗುಣಿ ಕೇಳಿ ಪಡೆದ, ಪೆಟ್ಟಿಗೆಯಿಂದ ಬಟ್ಟೆಯ ಗಂಟು ತೆಗೆದ. ಕಾಸೀಮಬೀ ತಿದಿಯ ಮೇಲಿನ ಕೈ ತೆಗೆದು, “ಅದು ಬೀಜ ಐತ್ರಿ” ಎಂದಳು.

“ಗೊತ್ತೈತಿ. ಗಾಳಿ ಹಾಕು.”

ಅವಳು ಗಾಳಿ ಹಾಕಿದಳು. ತುಂಡನ್ನು ಕಿವಿಯ ಹತ್ತಿರ ಬಗ್ಗಿಸಿ ನೋಡುವುದನ್ನು ಅವನು ಅಂದು ಮಾಡಲಿಲ್ಲ. ಬೋಗುಣಿ ಬೆಳ್ಳಿಯಂತಾಯಿತು. ಇನ್ನು ಕೂಸಿನ ಹಾಲು ಇದರಲ್ಲೇ ಕಾಸಬೇಕೆಂದು, ಹುಣಸೆಹಣ್ಣು ಹಾಕಿ ಉಜ್ಜಬಾರದೆಂದು ಶೇಖರಮ್ಮನಿಗೆ ಎರಡು ಸಲ ಹೇಳಿದ. ಆಮೇಲೆ ಪ್ರತಿದಿನ ಬೆಳಗ್ಗೆ ಏನೋ ನೆವ ಮಾಡಿಕೊಂಡು ಆ ಬೀದಿಯಲ್ಲಿ ಬರುತ್ತಿದ್ದ. ಒಳಗಿನಿಂದ ಕೂಸು ಅತ್ತರೆ ಅವನಿಗೆ ಸಮಾಧಾನ. ಅಳುವುದಕ್ಕಾದರೂ ಅದಕ್ಕೆ ಶಕ್ತಿ ಇದೆಯಲ್ಲ ಎಂದು ಕಾಸೀಮಬೀಗೆ ಹೇಳುತ್ತಿದ್ದ. ಸೆಪ್ಟೆಂಬರ್ ಕೊನೆಯಲ್ಲಿ ಕೂಸಿನ ಕಣ್ಣುಗಳು ಹಳದಿಯಾದವು. ಆಮೇಲೆ ಅಳುವೂ ಕೇಳಲಿಲ್ಲ.

ಉಮಾಪತಿ ಅಕ್ಟೋಬರ್ ಎಂಟರಂದು ತೀರಿಕೊಂಡ. ಅವನಿಗೆ ಒಂದು ವರ್ಷ ಆರು ದಿನ.

ಯುದ್ಧ ಮುಗಿದು ೧೯೪೬ರಲ್ಲಿ ಒಳ್ಳೆಯ ತವರ ಮತ್ತೆ ಬಂತು. ಅಂದಿನಿಂದ ನೂರಸಾಬ ಯಾವ ಮನೆಗೆ ಹೋದರೂ ಮೊದಲು ಹಾಲಿನ ಬೋಗುಣಿ ಕೇಳುತ್ತಿದ್ದ. ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಬೀಜ ಎಂದು ಮತ್ತೆ ಏನನ್ನೂ ಎತ್ತಿಡಲಿಲ್ಲ. ಕಡ್ಡಿಯ ಕೊನೆಯ ಚೂರನ್ನೂ ಯಾವುದಾದರೂ ಪಾತ್ರೆಗೆ ಸವರಿ ಪೆಟ್ಟಿಗೆ ಮುಚ್ಚುತ್ತಿದ್ದ. ೧೯೪೯ರಲ್ಲಿ ತೀರಿಕೊಂಡ. ಕಾಸೀಮಬೀ ತಿದಿಯನ್ನು ಯಾರಿಗೋ ಕೊಟ್ಟುಬಿಟ್ಟಳು. ಇದನ್ನೆಲ್ಲ ಮುಪ್ಪಿನಲ್ಲಿ ಹೇಳಿದವಳು ಶೇಖರಮ್ಮ. ಹೇಳಿದ್ದು ಅದೇ ಈಶಪ್ಪನವರ ಮನೆಯ ಪಡಸಾಲೆಯಲ್ಲಿ ಕೂತು. ಆ ಬೋಗುಣಿ ಆಗಲೂ ಅವಳ ಅಡುಗೆಮನೆಯ ಗೋಡೆಯ ಮಾಡದಲ್ಲಿ ಬೋರಲಾಗಿ ಇತ್ತು.

ಅವಳು ಆ ಮನೆಯಲ್ಲಿ ಉಳಿದದ್ದು ಒಂದು ಬೆಳಗಿನ ಮಾತಿನಿಂದ. ಕೂಸು ತೀರಿದ ಹತ್ತನೆಯ ದಿನ ಅವಳನ್ನು ತವರೂರು ತಳಕಲ್ಲಿಗೆ ಕಳಿಸಲು ಬಂಡಿ ಕಟ್ಟಿಸಿದ್ದರು, ಮತ್ತೆ ಕರೆಸಿಕೊಳ್ಳುವ ಮಾತಿರಲಿಲ್ಲ. ಗಂಡ ತಲೆ ತಗ್ಗಿಸಿ ನಿಂತಿದ್ದ. ಆ ಹತ್ತು ದಿನ ನೂರಸಾಬ ಜಿಲಾನಿಯಿಂದ ಹೆಸರು ಕೇಳಿಕೊಂಡು ಏಳೂ ಮನೆಗೆ ನಡೆದು, ಬೋಗುಣಿ ತಿರುವಿ ನೋಡಿ ಬಂದಿದ್ದ. ಎಂದೂ ಕಟ್ಟೆ ದಾಟದವನು ಅಂದು ಬಾಗಿಲವರೆಗೆ ಬಂದ. ಗುರುಲಿಂಗಮ್ಮ ಇವಳ ಹಾಲೇ ವಿಷ ಎಂದು ಮತ್ತೆ ಶುರುಮಾಡಿದ್ದಳು.

“ಅವ್ವಾರ, ಆಕಿ ಹಾಲಲ್ರಿ” ಎಂದ ನೂರಸಾಬ. “ಆಕಿ ಬೋಗುಣಿ ತಂದಿದ್ಲು. ನನ್ನ ಪೆಟಗಿಯಾಗ ತವರ ಇತ್ತು, ನಾ ಇಲ್ಲಂದೆ. ಹೊಟ್ಟಿ ಬಂದ ಏಳು ಕೂಸಿನ ಮನಿಗೂ ಹೋಗಿ ಬಂದೀನ್ರಿ. ಏಳು ತಾಯಂದ್ರು ಬ್ಯಾರೆ ಬ್ಯಾರೆ. ಬೋಗುಣಿ ಮಾತ್ರ ನಾ ಕಲಾಯಿ ಬ್ಯಾಡಂದವು. ಏಳಕ್ಕ ಏಳು.”